ಪ್ರಶ್ನೋತ್ತರ: ಜಾವಾದ ತೊಗಲುಗೊಂಬೆಯಾಟದ ಘಟೋತ್ಕಚ

ಪ್ರಶ್ನೆ: ಬಾಲಿ ದ್ವೀಪದ ವಿಮಾನ ನಿಲ್ದಾಣದ ಹತ್ತಿರ, ಕರ್ಣನ ರಥದ ಮೇಲೆ ಆಕಾಶದಿಂದ ಎರಗುತ್ತಿರುವ ವೀರನೊಬ್ಬನ ಭಾರಿ ಪ್ರತಿಮೆಯನ್ನು ಕಂಡೆವು. ವಿಚಾರಿಸಿದಾಗ ಅವನು ಘಟೋತ್ಕಚನೆಂದು ತಿಳಿಯಿತು. ನಮಗೆ ಗೊತ್ತಿರುವಂತೆ ಅವನು ಭೀಮನಿಗೆ ಹಿಡಿಂಬೆಯಲ್ಲಿ ಹುಟ್ಟಿದ ಮಗ, ಒಂದು ರಾತ್ರಿ ಘೋರವಾಗಿ ಕಾದಾಡಿ ಮಡಿದವನು. ಇಂಡೊನೇಷ್ಯದಲ್ಲಿ ಅವನಿಗೆ ಇಷ್ಟು ದೊಡ್ಡ ಸ್ಥಾನ ಹೇಗೆ ಬಂತು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಾಲಿಯಲ್ಲಿ ತಾವು ಕಂಡ ವೀರನ ಕೀರ್ತಿ ಬೆಳೆದದ್ದು ಮುಖ್ಯವಾಗಿ ಪಕ್ಕದ ಜಾವಾ ದ್ವೀಪದ ತೊಗಲುಗೊಂಬೆಯಾಟದಲ್ಲಿ. ವಯಾಂಗ್ ಕುಲಿತ್ ಎಂದು ಹೆಸರಾದ ಆ ಆಟದಲ್ಲಿ ಘಟೋತ್ಕಚನ ಹುಟ್ಟಿಗೊಂದು, ಪಟ್ಟಾಭಿಷೇಕಕ್ಕೊಂದು, ಮದುವೆಗೊಂದು, ಮರಣಕ್ಕೊಂದು ಎಂದು ಬೇರೆ ಬೇರೆ ಪ್ರಸಂಗಗಳಿದ್ದು, ಒಂದೊಂದನ್ನೂ ರಾತ್ರಿಯಿಡೀ ಆಡುವ ರೂಢಿಯಿದೆ. ವ್ಯಾಸಭಾರತದಲ್ಲಿ ಅವನು ಹುಟ್ಟಿದ ಗಳಿಗೆಯಲ್ಲೇ ಯುವಕನಾಗಿ ಬೆಳೆದು, ಅಗತ್ಯ ಬಿದ್ದಾಗ ಬರುವೆನೆಂದು ತಂದೆಯರಿಗೆ ಮಾತು ಕೊಟ್ಟು ಹೊರಟುಹೋಗುತ್ತಾನೆ. ಅಲ್ಲಿ ಕೆಲವೇ ಶ್ಲೋಕಗಳಲ್ಲಿ ಮುಗಿದುಹೋಗುವ ಆ ಬಾಲ್ಯವನ್ನು ಜಾವಾದ ಕಥೆಗಾರರು ಎತ್ತಿಕೊಂಡು, ಅದರೊಳಗೆ ಅವನ ಇಡೀ ಬಾಳಿನ ಗತಿಯನ್ನು ಹುದುಗಿಸಿಟ್ಟರು.

ಅವರ ಕಥೆ ಹೀಗಿದೆ. ಭೀಮನಿಗೂ ಅರಿಂಬಿಗೂ, ಎಂದರೆ ನಮ್ಮ ಹಿಡಿಂಬೆಗೂ, ಹುಟ್ಟಿದ ಮಗುವಿಗೆ ತೆತುಕ ಎಂದು ಹೆಸರಿಡುತ್ತಾರೆ. ಮಗುವಿನ ಹೊಕ್ಕುಳಬಳ್ಳಿಯನ್ನು ಯಾವ ಆಯುಧದಿಂದಲೂ ಕತ್ತರಿಸಲಾಗುವುದಿಲ್ಲ. ಚಿಕ್ಕಪ್ಪನಾದ ಅರ್ಜುನನು ದೇವತೆಗಳ ಮೊರೆಹೋಗುತ್ತಾನೆ. ಜಾವಾದವರು ಬತಾರ ಗುರು ಎಂದು ಕರೆಯುವ ಶಿವನು ಕೊಂತ ಎಂಬ ದಿವ್ಯಾಯುಧವನ್ನು ನಾರದನ ಕೈಯಲ್ಲಿ ಕಳುಹಿಸುತ್ತಾನೆ. ಕರ್ಣನ ರೂಪವು ಅರ್ಜುನನ ರೂಪವನ್ನೇ ಹೋಲುತ್ತಿದ್ದುದರಿಂದ ನಾರದನು ಮೋಸಹೋಗಿ ಆಯುಧವನ್ನು ಕರ್ಣನಿಗೆ ಒಪ್ಪಿಸಿಬಿಡುತ್ತಾನೆ. ಅರ್ಜುನನು ಬೆನ್ನಟ್ಟಿ ಹೋಗಿ ಹೋರಾಡಿದರೂ ಅವನ ಕೈಗೆ ದಕ್ಕುವುದು ಆಯುಧದ ಒರೆ ಮಾತ್ರ. ಅಲಗು ಕರ್ಣನ ಬಳಿಯೇ ಉಳಿಯುತ್ತದೆ. ಮರದಿಂದ ಮಾಡಿದ ಆ ಒರೆಯೇ ಹೊಕ್ಕುಳಬಳ್ಳಿಯನ್ನು ಕತ್ತರಿಸುತ್ತದೆ, ಆದರೆ ಕತ್ತರಿಸಿದ ಮರುಕ್ಷಣವೇ ಮಗುವಿನ ಹೊಕ್ಕುಳೊಳಗೆ ಸೇರಿ ಮಾಯವಾಗುತ್ತದೆ. ಒರೆಯಿಂದ ಮಗುವಿಗೆ ಅಪಾರ ಬಲ ಬಂತು. ಅಲಗು ಎಂದಾದರೊಂದು ದಿನ ತನ್ನ ಒರೆಯನ್ನು ಹುಡುಕಿಕೊಂಡು ಬರಲೇಬೇಕೆಂಬುದೂ ಅಂದೇ ನಿಶ್ಚಯವಾಯಿತು. ಬಲವನ್ನೂ ಸಾವನ್ನೂ ಒಂದೇ ವಸ್ತುವಿನಲ್ಲಿ, ಅದೂ ತೊಟ್ಟಿಲ ಕೂಸಿನ ಹೊಕ್ಕುಳಲ್ಲಿ, ಇಟ್ಟ ಈ ಕಲ್ಪನೆ ಮಹಾಭಾರತದ ಕಥೆಗೆ ಜಾವಾ ಕೊಟ್ಟ ಅತ್ಯಂತ ಬೆಲೆಯುಳ್ಳ ಕಾಣಿಕೆ ಎಂದು ನಾನು ತಿಳಿಯುತ್ತೇನೆ.

ಮುಂದೆ ರಾಕ್ಷಸರಾಜನೊಬ್ಬನು ಅಪ್ಸರೆಯನ್ನು ಬಯಸಿ ಸ್ವರ್ಗಕ್ಕೆ ಮುತ್ತಿಗೆ ಹಾಕಿದಾಗ, ಅವನ ಮಂತ್ರಿಯಾದ ಸೆಕಿಪುವನ್ನು ಎದುರಿಸಲು ದೇವತೆಗಳು ಈ ಹಸುಗೂಸನ್ನೇ ಕೊಂಡೊಯ್ಯುತ್ತಾರೆ. ಹೊಡೆದಷ್ಟೂ ಕಚ್ಚಿದಷ್ಟೂ ಮಗು ಸಾಯುವುದಿಲ್ಲ. ಕೊನೆಗೆ ಅದನ್ನು ಚಂದ್ರದಿಮುಕ ಎಂಬ ಕುದಿಯುವ ಜ್ವಾಲಾಮುಖಿಯ ಕುಂಡಕ್ಕೆ ಹಾಕಿ, ದೇವತೆಗಳು ತಮ್ಮ ತಮ್ಮ ಆಯುಧಗಳನ್ನೆಲ್ಲ ಅದರೊಳಗೆ ಎಸೆಯುತ್ತಾರೆ. ಕರಗಿದ ಲೋಹವೆಲ್ಲ ಮೈಗೂಡಿ, ಕುಂಡದಿಂದ ಎದ್ದುಬರುವವನು ತುಂಬು ಪ್ರಾಯದ ವೀರ. ತಂತಿಯ ಸ್ನಾಯು, ಕಬ್ಬಿಣದ ಮೂಳೆ ಎಂಬ ಅರ್ಥ ಕೊಡುವ ‘ಒತೊತ್ ಕವತ್, ಬಲುಂಗ್ ವೆಸಿ’ ಎಂಬ ಬಿರುದು ಜಾವಾದಲ್ಲಿ ಮಕ್ಕಳ ಬಾಯಲ್ಲೂ ಇದೆ. ಸೆಕಿಪುವನ್ನು ಕೊಂದ ಮೇಲೆ ಅವನಿಗೆ ದೇವತೆಗಳಿಂದ ಮೂರು ಉಡುಗೊರೆಗಳು ದೊರೆಯುತ್ತವೆ: ರೆಕ್ಕೆಯಿಲ್ಲದೆ ಹಾರಿಸುವ ಅಂತಕುಸುಮ ಎಂಬ ಕವಚ, ಬಿಸಿಲು ಮಳೆಗಳು ತಾಗದಂತೆ ಕಾಯುವ ಶಿರಸ್ತ್ರಾಣ, ಎಂಥ ಮಾಂತ್ರಿಕ ಸ್ಥಳವನ್ನಾದರೂ ದಾಟಿಸುವ ಪಾದರಕ್ಷೆ. ಕೆಲವು ಪಾಠಗಳಲ್ಲಿ ಕೃಷ್ಣನು ತನ್ನ ಚಕ್ರದಿಂದ ಅವನ ಕೋರೆಹಲ್ಲುಗಳನ್ನು ಕತ್ತರಿಸಿ ತೆಗೆಯುತ್ತಾನೆ. ಅಲ್ಲಿಂದ ಮುಂದೆ ಅವನು ರೂಪದಲ್ಲೂ ನಡತೆಯಲ್ಲೂ ಕ್ಷತ್ರಿಯ. ತಾಯಿಯ ಕಡೆಯಿಂದ ಬಂದ ಪ್ರಿಂಗ್ಗಂದನಿ ಎಂಬ ರಾಜ್ಯಕ್ಕೆ ಅವನು ಅರಸನೂ ಆಗುತ್ತಾನೆ.

ಪ್ರಶ್ನೆ: ಇವೆಲ್ಲ ಇತ್ತೀಚಿನ ಕಲ್ಪನೆಗಳೇ, ಇಲ್ಲವೇ ಜಾವಾದ ಹಳೆಯ ಕಾವ್ಯಗಳಲ್ಲೂ ಇವೆಯೇ?
— ಕನ್ನಡ ಉಪನ್ಯಾಸಕರು, ಧಾರವಾಡ

ಉತ್ತರ: ಎರಡು ಪದರಗಳನ್ನು ಬೇರೆಯಾಗಿ ನೋಡಬೇಕು. ಜಾವಾದಲ್ಲಿ ಮಹಾಭಾರತದ ಪರ್ವಗಳು ಹಳೆಯ ಜಾವಾ ಭಾಷೆಯ ಗದ್ಯಕ್ಕೆ ಬಂದದ್ದು ಹತ್ತನೆಯ ಶತಮಾನದ ಕೊನೆಯಲ್ಲಿ, ಧರ್ಮವಂಶ ತೆಗುಃ ಎಂಬ ಅರಸನ ಆಶ್ರಯದಲ್ಲಿ. ಅವುಗಳಲ್ಲಿ ವಿರಾಟಪರ್ವದ ಕಾಲ ಕ್ರಿ.ಶ. 996 ಎಂದು ಖಚಿತವಾಗಿ ತಿಳಿದಿದೆ. ನಮ್ಮಲ್ಲಿ ಪಂಪಭಾರತ ರಚನೆಯಾಗಿ ಅರ್ಧ ಶತಮಾನ ಕಳೆದು, ರನ್ನನು ಬರೆಯುತ್ತಿದ್ದ ಕಾಲವದು. ಆಮೇಲೆ ಪೂರ್ವ ಜಾವಾದ ಕೆದಿರಿಯ ಅರಸನಾದ ಜಯಭಯನ ಆಸ್ಥಾನದಲ್ಲಿ ಎಂಪು ಸೆದಃ ಮತ್ತು ಎಂಪು ಪನುಲುಃ ಎಂಬ ಇಬ್ಬರು ಕವಿಗಳು ‘ಭಾರತಯುದ್ಧ’ವೆಂಬ ಕಾವ್ಯವನ್ನು ರಚಿಸಿದರು. ಕಾವ್ಯದೊಳಗೆ ಶಕವರ್ಷವನ್ನು ಒಂಬತ್ತು, ಕುದುರೆ, ಶುದ್ಧ, ಚಂದ್ರಮ ಎಂಬ ಪದಗಳಿಂದ ಸೂಚಿಸಿದ್ದಾರೆ. ನಮ್ಮ ಶಾಸನಗಳನ್ನು ಓದುವಂತೆಯೇ ಅಂಕಗಳನ್ನು ಬಲದಿಂದ ಎಡಕ್ಕೆ ಓದಿದರೆ ಶಕ 1079, ಎಂದರೆ ಕ್ರಿ.ಶ. 1157 ಎಂದಾಗುತ್ತದೆ. ಈ ಕಾವ್ಯದಲ್ಲಿ ಕರ್ಣನ ಕೈಯಿಂದ ಘಟೋತ್ಕಚನ ಮರಣದ ಪ್ರಸಂಗವಿದೆ, ಮಗನ ಚಿತೆಯನ್ನೇ ಏರಿದ ಹಿಡಿಂಬೆಯ ಚಿತ್ರವೂ ಇದೆ.

ಪನುಲುಃ ಕವಿಯದೇ ಇನ್ನೊಂದು ಕಾವ್ಯವಾದ ‘ಘಟೋತ್ಕಚಾಶ್ರಯ’ವು ತಮಗೆ ಇನ್ನೂ ಹತ್ತಿರದ್ದಾಗಿ ಕಂಡೀತು. ಅಭಿಮನ್ಯುವು ಕೃಷ್ಣನ ಮಗಳಾದ ಕ್ಷಿತಿಸುಂದರಿಯನ್ನು ಪ್ರೀತಿಸುತ್ತಾನೆ. ಆಕೆಯನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡಬೇಕೆಂಬ ಏರ್ಪಾಡು ನಡೆದಿರುತ್ತದೆ. ದಿಕ್ಕುಗಾಣದ ಅಭಿಮನ್ಯು ದೊಡ್ಡಪ್ಪನ ಮಗನಾದ ಘಟೋತ್ಕಚನಲ್ಲಿ ಆಶ್ರಯ ಪಡೆಯುತ್ತಾನೆ. ಅವನ ನೆರವಿನಿಂದ ಮದುವೆ ನೆರವೇರುತ್ತದೆ. ‘ಕನಕಾಂಗಿ ಕಲ್ಯಾಣ’ ಯಕ್ಷಗಾನವನ್ನು ನೋಡಿದವರಿಗೆ, ಶಶಿರೇಖೆಯ ಕಥೆ ಕೇಳಿದವರಿಗೆ, ಇದು ಯಾವ ಕಥೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹುಡುಗಿ ಬಲರಾಮನ ಮಗಳು, ಅಲ್ಲಿ ಕೃಷ್ಣನ ಮಗಳು ಎಂಬುದೇ ಎದ್ದು ಕಾಣುವ ವ್ಯತ್ಯಾಸ. ವ್ಯಾಸಭಾರತದಲ್ಲಿ ಈ ಮದುವೆಯ ಕಥೆಯೇ ಇಲ್ಲ. ಮೂಲದಲ್ಲಿಲ್ಲದ ಒಂದೇ ಕಥೆಯು ಸಮುದ್ರದ ಎರಡೂ ದಡಗಳಲ್ಲಿ ಇಷ್ಟು ಹೋಲಿಕೆಯಿಂದ ಬದುಕಿರುವುದನ್ನು ನೋಡಿದರೆ, ಗ್ರಂಥಗಳ ಜೊತೆಗೆ ಬಾಯಿಮಾತಿನ ಭಾರತವೂ ಹಡಗು ಹತ್ತಿತ್ತೆಂದು ಊಹಿಸಲು ಸಾಕಷ್ಟು ಆಧಾರವಿದೆ.

ಇನ್ನು ಕೊಂತದ ಒರೆ, ಕುದಿಯುವ ಕುಂಡ, ಹಾರುವ ಕವಚಗಳ ಕಥೆಗಳು ಈ ಆಸ್ಥಾನಕಾವ್ಯಗಳಿಗೆ ಸೇರಿದವಲ್ಲ. ಅವು ಗೊಂಬೆಯಾಟದ ಪರಂಪರೆಯಲ್ಲಿ ಬೆಳೆದವು. ಊರಿಂದೂರಿಗೆ, ಆಡಿಸುವವರಿಂದ ಆಡಿಸುವವರಿಗೆ ಸಣ್ಣಪುಟ್ಟ ವಿವರಗಳು ಬದಲಾಗುತ್ತವೆ.

ಪ್ರಶ್ನೆ: ಜಾವಾದ ತೊಗಲುಗೊಂಬೆಯು ನಮ್ಮ ತೊಗಲುಗೊಂಬೆಗಿಂತ ಯಾವ ರೀತಿಯಲ್ಲಿ ಬೇರೆ? ಘಟೋತ್ಕಚನ ಗೊಂಬೆಯನ್ನು ಗುರುತಿಸುವುದು ಹೇಗೆ, ಅವನು ಹಾರುವುದನ್ನು ಪರದೆಯ ಮೇಲೆ ಹೇಗೆ ತೋರಿಸುತ್ತಾರೆ?
— ಚಿತ್ರಕಲಾ ಶಿಕ್ಷಕರು, ಬಳ್ಳಾರಿ

ಉತ್ತರ: ನಮ್ಮ ಗೊಂಬೆಗಳ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ ಬಣ್ಣ ಹಚ್ಚುವುದರಿಂದ ಪರದೆಯ ಮೇಲೆ ಬಣ್ಣದ ಚಿತ್ರವೇ ಮೂಡುತ್ತದೆ. ಜಾವಾದವರು ಬಳಸುವುದು ದಪ್ಪನೆಯ ಎಮ್ಮೆಯ ತೊಗಲು. ಬೆಳಕು ಅದರ ಮೂಲಕ ಹಾಯುವುದಿಲ್ಲ. ಅದರಲ್ಲಿ ಸಣ್ಣ ಉಳಿಗಳಿಂದ ಅಸಂಖ್ಯ ರಂಧ್ರಗಳನ್ನು ಕೊರೆದು, ಆ ರಂಧ್ರಗಳ ಮೂಲಕ ಬರುವ ಬೆಳಕಿನಿಂದಲೇ ಆಭರಣ, ವಸ್ತ್ರ, ಮುಡಿಗಳ ಅಂದವನ್ನು ನೆರಳಿನೊಳಗೆ ಬರೆಯುತ್ತಾರೆ. ನೆರಳು ಕಪ್ಪಾಗಿದ್ದರೂ ಗೊಂಬೆಗೆ ಚಿನ್ನದ ಲೇಪವನ್ನೂ ಬಣ್ಣಗಳನ್ನೂ ಹಚ್ಚಿರುತ್ತಾರೆ, ಏಕೆಂದರೆ ಪ್ರೇಕ್ಷಕರಲ್ಲಿ ಅನೇಕರು ಪರದೆಯ ಈಚೆಗೆ, ಗೊಂಬೆಯಾಡಿಸುವವನ ಬೆನ್ನ ಹಿಂದೆ ಕುಳಿತು ಆಟವನ್ನು ನೋಡುತ್ತಾರೆ. ಗೊಂಬೆಯ ನಡುವಿನ ಕೋಲೂ ಕೈಗಳ ಕೋಲುಗಳೂ ಸಾಮಾನ್ಯವಾಗಿ ಎಮ್ಮೆಯ ಕೊಂಬಿನವು.

ಘಟೋತ್ಕಚನ ಗೊಂಬೆ ತಂದೆಯಾದ ಭೀಮನ ಗೊಂಬೆಯ ಅಚ್ಚಿಗೇ ಸೇರಿದ್ದು: ದುಂಡನೆಯ ತೆರೆದ ಕಣ್ಣು, ದಪ್ಪ ಮೂಗು, ಮೀಸೆ, ಅಗಲ ಎದೆ, ಹೆಜ್ಜೆ ಅಗಲಿಸಿ ನಿಂತ ಕಾಲುಗಳು. ಮುಡಿಯು ಏಡಿಯ ಕೊಂಡಿಯಂತೆ ಹಿಂದಿನಿಂದ ಬಾಗಿ ಮೇಲೇರಿರುತ್ತದೆ. ಮುಡಿಯ ಹಿಂದೆ ಗರುಡನ ಆಭರಣ, ಬೆನ್ನಿಗೆ ರೆಕ್ಕೆಯಂತೆ ಹರಡಿದ ಪ್ರಭೆ ಇರುತ್ತವೆ. ಭೀಮನ ಹೆಬ್ಬೆರಳಿನ ಉದ್ದವಾದ ಉಗುರು ಮಗನ ಗೊಂಬೆಯಲ್ಲಿ ಇಲ್ಲ. ಮಾತಿನಲ್ಲೂ ತಂದೆಮಕ್ಕಳು ಬೇರೆಯೇ. ಜಾವಾ ಭಾಷೆಯಲ್ಲಿ ಹಿರಿಯರೊಡನೆ ಆಡುವ ಗೌರವದ ಮಾತು ಬೇರೆ, ಸರೀಕರೊಡನೆ ಆಡುವ ಮಾತು ಬೇರೆ. ಭೀಮನು ದೇವತೆಗಳೊಂದಿಗೂ ಸರೀಕರ ಮಾತನ್ನೇ ಆಡುತ್ತಾನೆ, ಯಾರಿಗೂ ಬಾಗುವುದಿಲ್ಲ. ಘಟೋತ್ಕಚನಾದರೋ ಹಿರಿಯರ ಮುಂದೆ ಕೈಮುಗಿದು ಗೌರವದ ಮಾತಿನಲ್ಲೇ ಉತ್ತರಿಸುತ್ತಾನೆ.

ಒಬ್ಬನೇ ವೀರನಿಗೆ ಹಲವು ಗೊಂಬೆಗಳಿರುವುದು ಈ ಕಲೆಯ ಸೂಕ್ಷ್ಮತೆಗೆ ಸಾಕ್ಷಿ. ಪಾತ್ರದ ಮನಸ್ಥಿತಿಗೆ ತಕ್ಕಂತೆ ಮುಖದ ಬಾಗು, ಹೆಗಲಿನ ಓರೆ, ಸೊಂಟದ ಗಾತ್ರ, ಮುಖದ ಬಣ್ಣಗಳನ್ನು ಬದಲಿಸಿ ಕೊರೆದ ಈ ರೂಪಗಳನ್ನು ‘ವಂದ’ ಎನ್ನುತ್ತಾರೆ. ಘಟೋತ್ಕಚನ ವಂದಗಳ ಹೆಸರುಗಳು ಗುಂತುರ್, ಕಿಲತ್, ತತಿತ್, ಗೆಲಪ್ ಮುಂತಾದವು. ಎಲ್ಲವೂ ಗುಡುಗು, ಮಿಂಚು, ಸಿಡಿಲುಗಳಿಗೆ ಸಂಬಂಧಿಸಿದ ಪದಗಳೇ. ಮಂತ್ರಾಲೋಚನೆಯ ಸಭೆಗೆ ಒಂದು, ಯುದ್ಧಕ್ಕೆ ಇನ್ನೊಂದು ಎಂದು ದಲಂಗನು, ಎಂದರೆ ಆಡಿಸುವ ಕಲಾವಿದನು, ಆರಿಸಿಕೊಳ್ಳುತ್ತಾನೆ.

ಹಾರಾಟವನ್ನು ತೋರಿಸುವಾಗ ದಲಂಗನ ಎರಡು ಕೈಗಳೂ ಒಂದು ಕಾಲೂ ಏಕಕಾಲಕ್ಕೆ ದುಡಿಯುತ್ತವೆ. ಅವನ ಎಡಗಡೆ ಗೊಂಬೆಗಳ ದೊಡ್ಡ ಮರದ ಪೆಟ್ಟಿಗೆ, ಅದರ ಪಕ್ಕಕ್ಕೆ ತೂಗುಹಾಕಿದ ಲೋಹದ ಫಲಕಗಳು. ಹಾರುವ ಮುನ್ನ ಘಟೋತ್ಕಚನ ಗೊಂಬೆ ಕೈಗಳನ್ನು ಮುಂದಕ್ಕೂ ಹಿಂದಕ್ಕೂ ಬೀಸಿ ಉಡುಗೆಯನ್ನು ಬಿಗಿದುಕೊಳ್ಳುವಂತೆ ಕಾಣುತ್ತದೆ. ಒಂದೊಂದು ಬೀಸಿಗೂ ದಲಂಗನು ಪಾದದಿಂದ ಫಲಕಗಳನ್ನು ಬಡಿದು ಸದ್ದು ಹೊಮ್ಮಿಸುತ್ತಾನೆ, ಗಮೆಲಾನ್ ವಾದ್ಯವೃಂದವು ಆ ಸದ್ದನ್ನು ಸೂಚನೆಯಾಗಿ ಹಿಡಿದು ಲಯವನ್ನು ಏರಿಸುತ್ತದೆ. ಗೊಂಬೆ ಒಮ್ಮೆ ನೆಲಕ್ಕೆ ಕುಸಿದು, ಥಟ್ಟನೆ ಮೇಲಕ್ಕೆ ನೆಗೆದು, ಅಡ್ಡವಾಗಿ ಮಲಗಿದಂತೆ ಪರದೆಯ ಉದ್ದಕ್ಕೂ ಹಾಯುತ್ತದೆ. ಅದನ್ನು ದೀಪದ ಹತ್ತಿರಕ್ಕೆ ತಂದಾಗ ನೆರಳು ಇಡೀ ಪರದೆಯನ್ನು ತುಂಬುತ್ತದೆ, ಪರದೆಗೆ ಒತ್ತಿದಾಗ ಮತ್ತೆ ಚೂಪಾದ ಸಣ್ಣ ಆಕೃತಿಯಾಗುತ್ತದೆ. ಯುದ್ಧದ ದೃಶ್ಯಗಳಲ್ಲಿ ಗೊಂಬೆಯನ್ನು ಗಾಳಿಯಲ್ಲಿ ತಿರುಗಿಸಿ ಎಸೆದು ಹಿಡಿಯುವ ಕೈಚಳಕಕ್ಕೆ ಇತ್ತೀಚಿನವರಲ್ಲಿ ಹೆಸರಾದವರು 2021ರಲ್ಲಿ ತೀರಿಕೊಂಡ ಕಿ ಮಂತೆಬ್ ಸುದರ್ಸೊನೊ ಅವರು.

ಪ್ರಶ್ನೆ: ಜಾವಾದ ಘಟೋತ್ಕಚನಿಗೆ ಹೆಂಡತಿ ಮಕ್ಕಳು ಇದ್ದಾರೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಇದ್ದಾರೆ. ಅವನು ಪ್ರೀತಿಸಿ ಮದುವೆಯಾಗುವುದು ಅರ್ಜುನನ ಮಗಳಾದ ಪ್ರೆಗಿವಳನ್ನು. ಅವರ ಮಗ ಶಶಿಕಿರಣ. ಪ್ರೆಗಿವಳ ನೆನಪಿನಲ್ಲಿ ಮೈಮರೆತ ವೀರನ ನೃತ್ಯಕ್ಕೆ ಜಾವಾದ ರಂಗದಲ್ಲಿ ಪ್ರತ್ಯೇಕ ಸ್ಥಾನವಿದ್ದು, ಕಬ್ಬಿಣದ ಮೈಯವನು ಪ್ರೇಮದಿಂದ ಕರಗುವುದನ್ನು ಜನ ಬಹಳ ಮೆಚ್ಚಿ ನೋಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಚಿಕ್ಕಪ್ಪನ ಮಗಳನ್ನು ವರಿಸುವುದು ಸಲ್ಲದ ಸಂಬಂಧ. ಜಾವಾದ ಕಥೆಗೆ ಅದೊಂದು ತೊಡಕಲ್ಲ.

ಪ್ರಶ್ನೆ: ವ್ಯಾಸಭಾರತದಲ್ಲಿ ಘಟೋತ್ಕಚನು ಸತ್ತಾಗ ಕೃಷ್ಣನು ಸಂತೋಷದಿಂದ ಕುಣಿದನೆಂದು ಓದಿ ಮನಸ್ಸಿಗೆ ನೋವಾಯಿತು. ಜಾವಾದವರು ತಮ್ಮ ಪ್ರೀತಿಯ ವೀರನ ಸಾವನ್ನು ಹೇಗೆ ಚಿತ್ರಿಸುತ್ತಾರೆ?
— ಗೃಹಿಣಿಯೊಬ್ಬರು, ಶಿರಸಿ

ಉತ್ತರ: ತಮ್ಮ ನೋವು ನ್ಯಾಯವಾದದ್ದು. ದ್ರೋಣಪರ್ವದಲ್ಲಿ ಕರ್ಣನು ಅರ್ಜುನನಿಗಾಗಿ ಕಾಯ್ದಿಟ್ಟಿದ್ದ ಇಂದ್ರದತ್ತ ಶಕ್ತಿಯು ಘಟೋತ್ಕಚನ ಮೇಲೆ ವ್ಯಯವಾಗುತ್ತದೆ, ಆದ್ದರಿಂದ ಕೃಷ್ಣನಿಗೆ ಹರ್ಷ. ಕರ್ಣನು ಕೊಲ್ಲದಿದ್ದರೆ ತಾನೇ ಇವನನ್ನು ಕೊಲ್ಲಬೇಕಾಗಿತ್ತು ಎಂದೂ ಕೃಷ್ಣನು ಅಲ್ಲಿ ನುಡಿಯುತ್ತಾನೆ. ಪಾಂಡವರಿಗಾಗಿ ಪ್ರಾಣ ಕೊಟ್ಟ ಮಗನಿಗೆ ಆ ರಾತ್ರಿ ದೊರೆಯುವ ಮನ್ನಣೆ ಬಹಳ ಕಡಿಮೆ; ಅತ್ತವರು ಅವನ ತಂದೆಯರು.

ಜಾವಾದವರು ಈ ಸಾವಿಗೆ ಇನ್ನೊಂದು ಕಾರಣವನ್ನು ಕಟ್ಟಿದ್ದಾರೆ, ಅದು ಅವನ ಸ್ವಂತ ಕೈಯಿಂದ ಹುಟ್ಟಿದ್ದು. ಅರಿಂಬಿಯ ತಮ್ಮಂದಿರಲ್ಲಿ ಕಾಲಬೆಂದನ ಎಂಬವನೊಬ್ಬನಿದ್ದಾನೆ: ಕುಳ್ಳ, ನೋಡಲು ವಿಕಾರ, ಆದರೆ ಸುಳ್ಳು ಹೇಳಲು ಬಾರದವನು, ಅಕ್ಕನ ಮಗನ ಮೇಲೆ ಪ್ರಾಣವಿಟ್ಟವನು. ಹಿಂದೆ ಘಟೋತ್ಕಚನ ನೆರವಿನಿಂದ ಕ್ಷಿತಿಸುಂದರಿಯನ್ನು ವರಿಸಿದ ಅಭಿಮನ್ಯು ಈಗ ವಿರಾಟನ ಮಗಳಾದ ಉತ್ತರೆಯನ್ನು ಮದುವೆಯಾಗುವಾಗ, ತನಗೆ ಬೇರೆ ಹೆಂಡತಿಯಿಲ್ಲವೆಂದು ಹೇಳಿಬಿಡುತ್ತಾನೆ. ಹೇಳಿದ್ದು ಸುಳ್ಳಾದರೆ ಮೈತುಂಬ ಆಯುಧಗಳು ನಾಟಿ ತನಗೆ ಸಾವು ಬರಲಿ ಎಂದು ಆಣೆಯನ್ನೂ ಇಡುತ್ತಾನೆ. ಮನೆಯಲ್ಲಿ ಕಾಯುತ್ತಿರುವ ಮೊದಲ ಹೆಂಡತಿಗಾಗಿ ಅವನನ್ನು ಹುಡುಕಿಕೊಂಡು ಬಂದ ಕಾಲಬೆಂದನನಿಗೆ ಈ ಮದುವೆಯ ಸಂಗತಿ ಗೊತ್ತಾಗುತ್ತದೆ. ಕಂಡದ್ದನ್ನು ಕಂಡಂತೆ ಹೇಳಿಯೇ ತೀರುವೆನೆಂದು ಅವನು ಹೊರಡುತ್ತಾನೆ. ತಮ್ಮನ ಮಾನ ಉಳಿಸಬೇಕೆಂಬ ಆತುರದಲ್ಲಿ ಘಟೋತ್ಕಚನು ಮಾವನ ಬಾಯಿ ಮುಚ್ಚಿಸಲು ಕೈಯೆತ್ತುತ್ತಾನೆ. ಅವನ ಅಂಗೈಯಲ್ಲಿರುವುದು, ತನ್ನ ಪಟ್ಟಾಭಿಷೇಕವನ್ನು ವಿರೋಧಿಸಿ ದಂಗೆಯೆದ್ದು ಮಡಿದ ಇನ್ನಿಬ್ಬರು ಮಾವಂದಿರಾದ ಬ್ರಜದೆಂತ ಮತ್ತು ಬ್ರಜಮುಸ್ತಿಯರ ಬಲ. ಏಟು ಮೆಲ್ಲಗೆ ಬೀಳಲಿಲ್ಲ. ಕಾಲಬೆಂದನ ಅಲ್ಲೇ ಅಸುನೀಗುತ್ತಾನೆ. ಅಳಿಯನ ಮೇಲೆ ಅವನಿಗೆ ದ್ವೇಷವಿಲ್ಲ. ನೀನಿಲ್ಲದೆ ಸ್ವರ್ಗಕ್ಕೆ ಹೋಗಲಾರೆ, ಭಾರತಯುದ್ಧದಲ್ಲಿ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂಬ ಮಾತನ್ನು ಅವನ ಆತ್ಮ ಉಳಿಸಿಹೋಗುತ್ತದೆ.

ಯುದ್ಧದ ಆ ರಾತ್ರಿ ದೀವಟಿಗೆಗಳ ಬೆಳಕಿನಲ್ಲಿ ಕಾಳಗ ನಡೆಯುವುದರಿಂದ ಈ ಪ್ರಸಂಗಕ್ಕೆ ‘ಸುಲುಹನ್’ ಎಂಬ ಹೆಸರೂ ಇದೆ. ಕರ್ಣನು ಕೊಂತವನ್ನು ಎಸೆಯುತ್ತಲೇ ಘಟೋತ್ಕಚನು ಮುಗಿಲುಗಳನ್ನೂ ದಾಟಿ ಮೇಲಕ್ಕೆ ಹಾರುತ್ತಾನೆ. ಆಯುಧದ ವೇಗ ಕುಂದಿ ಅದು ಇನ್ನೇನು ಕೆಳಗೆ ಬೀಳಬೇಕು ಎನ್ನುವಾಗ ಕಾಲಬೆಂದನನ ಆತ್ಮ ಅದನ್ನು ಹಿಡಿದು, ಮೇಲಕ್ಕೊಯ್ದು, ಅಳಿಯನ ಹೊಕ್ಕುಳಿಗೆ ಮುಟ್ಟಿಸುತ್ತದೆ. ಅಲಗು ಒರೆಯನ್ನು ಸೇರುತ್ತದೆ. ಸಾಯುತ್ತಿರುವ ವೀರನು ತನ್ನ ದೇಹವನ್ನು ಕರ್ಣನ ರಥಕ್ಕೆ ಗುರಿಮಾಡಿ ಬೀಳಿಸುತ್ತಾನೆ. ರಥ ನುಚ್ಚುನೂರಾಗುತ್ತದೆ, ಕರ್ಣನು ಹೊರಕ್ಕೆ ನೆಗೆದು ಪಾರಾಗುತ್ತಾನೆ. ತನ್ನ ಆಣೆಯ ಮಾತಿನಂತೆ ಅಭಿಮನ್ಯುವೂ ಮೈತುಂಬ ಬಾಣಗಳು ನಾಟಿ ಇದೇ ಯುದ್ಧದಲ್ಲಿ ಮಡಿಯುತ್ತಾನೆಂಬುದನ್ನು ನೆನೆದರೆ, ಒಂದು ಸುಳ್ಳಿಗೆ ಅಣ್ಣತಮ್ಮಂದಿರಿಬ್ಬರೂ ಬೆಲೆ ತೆತ್ತರೆಂದು ತಿಳಿಯುತ್ತದೆ. ವ್ಯಾಸರಲ್ಲಿ ಘಟೋತ್ಕಚನ ಸಾವು ಕೃಷ್ಣನ ಯುದ್ಧತಂತ್ರದ ಒಂದು ಹೆಜ್ಜೆ. ಜಾವಾದಲ್ಲಿ ಅದು ಪ್ರೀತಿಪಾತ್ರನಾದ ಮಾವನಿಗೆ ಅವನು ತೀರಿಸುವ ಋಣ, ಮತ್ತು ಅವನನ್ನು ಕರೆದೊಯ್ಯಲು ಬಂದವನು ಅವನಿಗಾಗಿ ಕಾದಿದ್ದವನೇ. ನನಗೆ ಎರಡನೆಯದೇ ಹೆಚ್ಚು ಸಹನೀಯವೆಂದೂ ಹೆಚ್ಚು ಗಂಭೀರವೆಂದೂ ತೋರುತ್ತದೆ. ಭಾರತಯುದ್ಧದ ಪ್ರಸಂಗಗಳನ್ನು ಜಾವಾದ ಊರುಗಳಲ್ಲಿ ಲಘುವಾಗಿ ಆಡಿಸುವುದಿಲ್ಲ. ನೈವೇದ್ಯಗಳನ್ನು ಅರ್ಪಿಸಿ, ಅಳುಕಿನಿಂದಲೇ ಆಡಿಸುತ್ತಾರೆ.

ಪ್ರಶ್ನೆ: ಇಂಡೊನೇಷ್ಯದವರು ಒಂದು ವಿಮಾನಕ್ಕೆ ಘಟೋತ್ಕಚನ ಹೆಸರಿಟ್ಟಿದ್ದರೆಂಬುದು ನಿಜವೇ? ಜಾವಾಕ್ಕೆ ಹೋಗುವವರು ಈ ವೀರನಿಗೆ ಸಂಬಂಧಿಸಿದ ಯಾವ ಸ್ಥಳಗಳನ್ನು ನೋಡಬಹುದು?
— ನಿವೃತ್ತ ಎಂಜಿನಿಯರ್, ಬೆಂಗಳೂರು

ಉತ್ತರ: ನಿಜ. ಬಾಂಡುಂಗ್ ನಗರದಲ್ಲಿ ಇಂಡೊನೇಷ್ಯದವರೇ ವಿನ್ಯಾಸಗೊಳಿಸಿ ಕಟ್ಟಿದ ಎನ್-250 ಎಂಬ ಪ್ರಯಾಣಿಕ ವಿಮಾನದ ಮೊದಲ ಮಾದರಿಗೆ ಘಟೋತ್ಕಚನ ಹೆಸರಿಟ್ಟಿದ್ದರು. ಎರಡು ಟರ್ಬೊಪ್ರಾಪ್ ಎಂಜಿನ್‌ಗಳಿದ್ದ, ಸುಮಾರು 50 ಆಸನಗಳ ಆ ವಿಮಾನ ಮೊದಲ ಬಾರಿ ಹಾರಿದ್ದು 1995ರ ಆಗಸ್ಟ್ 10ರಂದು. ಅದರ ಹಿಂದಿನ ಮುಖ್ಯ ಪ್ರೇರಣೆ, ಮುಂದೆ ದೇಶದ ಅಧ್ಯಕ್ಷರೂ ಆದ ಎಂಜಿನಿಯರ್ ಬಿ.ಜೆ. ಹಬೀಬಿ ಅವರದು. 1997–98ರ ಆರ್ಥಿಕ ಕುಸಿತದಿಂದಾಗಿ ಯೋಜನೆ ನಿಂತುಹೋಯಿತು. 2020ರಲ್ಲಿ ಆ ವಿಮಾನವನ್ನು ಯೋಗ್ಯಕರ್ತಾದ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದು, ಅದನ್ನು ಅಲ್ಲಿ ನೋಡಬಹುದು.

ಮಧ್ಯ ಜಾವಾದ ದಿಯೆಂಗ್ ಪ್ರಸ್ಥಭೂಮಿಯಲ್ಲಿ ಹಳೆಯ ಶಿವಾಲಯಗಳ ಒಂದು ಸಮೂಹವಿದೆ. ಅವುಗಳಿಗೆ ಅರ್ಜುನ, ಭೀಮ, ಘಟೋತ್ಕಚ ಮುಂತಾದ ಹೆಸರುಗಳಿದ್ದರೂ ಅವು ಕಟ್ಟಿದವರು ಇಟ್ಟ ಹೆಸರುಗಳಲ್ಲ, ಗೊಂಬೆಯಾಟದ ಕಥೆಗಳಲ್ಲಿ ಮುಳುಗಿದ್ದ ಸ್ಥಳೀಯರು ಬಹುಕಾಲದ ಅನಂತರ ಕೊಟ್ಟವು. ಅದೇ ಪ್ರಸ್ಥಭೂಮಿಯಲ್ಲಿ ಚಂದ್ರದಿಮುಕ ಎಂಬ ಹೆಸರಿನ ಕುದಿಯುವ ಕುಂಡವೂ ಇದೆ. ಗಂಧಕದ ಹಬೆಯೇಳುವ ಅದನ್ನು ನೋಡಲು ಹೋಗುವವರು ಹಾಕಿದ ಬೇಲಿಯಿಂದ ಈಚೆಗೆ ನಿಲ್ಲುವುದು ಅಗತ್ಯ. ಗೊಂಬೆಗಳನ್ನು ಹತ್ತಿರದಿಂದ ನೋಡಲು ಜಕಾರ್ತಾದ ಹಳೆಯ ನಗರದಲ್ಲಿ 1975ರಲ್ಲಿ ತೆರೆದ ವಯಾಂಗ್ ವಸ್ತುಸಂಗ್ರಹಾಲಯವೂ ಯೋಗ್ಯಕರ್ತಾದ ಸೊನೊಬುದೊಯೊ ವಸ್ತುಸಂಗ್ರಹಾಲಯವೂ ಅನುಕೂಲ. ಪ್ರವಾಸಿಗರಿಗಾಗಿ ನಡೆಯುವ ಒಂದೆರಡು ಗಂಟೆಯ ಪ್ರದರ್ಶನಗಳಲ್ಲಿ ರಾಮಾಯಣದ ತುಣುಕುಗಳೇ ಹೆಚ್ಚು. ಘಟೋತ್ಕಚನ ಪ್ರಸಂಗವನ್ನೇ ನೋಡಬೇಕೆಂದಿದ್ದರೆ ಯೋಗ್ಯಕರ್ತಾ ಅಥವಾ ಸುರಕರ್ತಾದ ಸುತ್ತಲಿನ ಹಳ್ಳಿಗಳಲ್ಲಿ, ಮದುವೆಯಂಥ ಸಮಾರಂಭಗಳಲ್ಲಿ ಅಥವಾ ಗ್ರಾಮದ ವಾರ್ಷಿಕ ಶುದ್ಧಿಯ ಹಬ್ಬದಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ ಆರಂಭವಾಗಿ ಬೆಳಗಿನವರೆಗೆ ನಡೆಯುವ ಆಟವನ್ನು ಊರಿನವರಲ್ಲಿ ವಿಚಾರಿಸಿ ಹೋಗುವುದು ಒಳ್ಳೆಯದು. ಹೆಚ್ಚಿನ ಕಡೆ ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಪರದೆಯ ಎರಡೂ ಬದಿಗೆ ಹೋಗಿ ನೋಡುವುದಕ್ಕೂ ಯಾರೂ ತಡೆಯುವುದಿಲ್ಲ.